ಕಾಗದನಗರದ ಭಾವನ ತೀರ್ಪು

ಓದಿದ ಮೇಲೆ ಪುಸ್ತಕದ ಮೌಲ್ಯವನ್ನು ಯಾರು ಬೇಕಾದರೂ ಹೇಳಿಯಾರು. ಓದದೆ ಹೇಳಬೇಕಾದರೆ ಅನುಭವ ಬೇಕು. ಆ ಅನುಭವ ನನಗಿದೆ ಎಂದು ಗೊತ್ತಾಗಿಯೋ ಏನೋ, ಕೋಟೆ ಬೀದಿಯ ನಮ್ಮ ಓದುಗರ ಬಳಗದವರು ಈ ಸಲದ ಪುಸ್ತಕ ಬಹುಮಾನಕ್ಕೆ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಲೇಖಕರ ಹೆಸರು ಕಾಣದಂತೆ, ಶಾಲೆಯ ಪುಸ್ತಕಗಳ ಹಾಗೆ ಖಾಕಿ ಬೈಂಡ್ ಹಾಕಿ, ಚೀಲ ತುಂಬ ತಂದುಕೊಟ್ಟರು. ಪಕ್ಷಪಾತ ಆಗಬಾರದಂತೆ. ಓದದವನಿಗೆ ಎಂಥ ಪಕ್ಷಪಾತ?

ನನ್ನ ವಿಧಾನ ಸರಳ. ಎರಡು ಪುಟ ತಿರುವಿದರೂ ತಲೆಬುಡ ತಿಳಿಯದಿದ್ದರೆ ಅದು ಮಹತ್ವದ ಕೃತಿ. ತಿಳಿದುಬಿಟ್ಟರೆ ಜನಪ್ರಿಯ ಸಾಹಿತ್ಯ. ಪತ್ತೇದಾರಿ ಕಾದಂಬರಿಯಂತೂ ಸಾಹಿತ್ಯವೇ ಅಲ್ಲ. ಆ ಚೀಲದಲ್ಲಿದ್ದ ಅಂಥದ್ದೊಂದನ್ನು ಹಿಡಿದು ಕೂತ ನನ್ನ ಹೆಂಡತಿ ಹುಳಿ ಸೀಯಿಸಿದಳು. ಕೇಳಿದರೆ, "ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋವರೆಗೂ ಒಲೆ ಕಡೆ ಬರಲ್ಲ ಕಣ್ರೀ" ಎಂದಳು. ಹೀಗೆ ಹಿಡಿದು ಕೂರಿಸುವ ಪುಸ್ತಕಕ್ಕೆ ಮೌಲ್ಯ ಎಲ್ಲಿಂದ ಬಂದೀತು? ಕಿತ್ತುಕೊಂಡು ಪಕ್ಕಕ್ಕಿಟ್ಟೆ.

ಅಷ್ಟರಲ್ಲಿ ಭದ್ರಾವತಿಯಿಂದ ಅವಳ ಅಣ್ಣ ಬಂದರು. ಅಲ್ಲಿನ ಕಾಗದನಗರದ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಭಾವ ಪುಸ್ತಕ ಓದುವುದಿಲ್ಲ, ಪರೀಕ್ಷಿಸುತ್ತಾರೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ, ಬೆರಳಲ್ಲಿ ಉಜ್ಜುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳುತ್ತಾರೆ. ನಾನು ಬಹುಮಾನಕ್ಕೆ ಆರಿಸಿಟ್ಟಿದ್ದ ದಪ್ಪ ಕಾದಂಬರಿಯನ್ನು, "ಇದು ಬೇಡ ಮಾರಾಯ್ರೇ, ವರ್ಷದೊಳಗೆ ಹಳದಿ ತಿರುಗುತ್ತೆ" ಎಂದು ತಳ್ಳಿದರು. ಸಾಹಿತ್ಯವನ್ನು ಹೀಗೂ ಅಳೆಯುತ್ತಾರಲ್ಲ ಎಂದು ನಗು ಬಂತು. ಜೊತೆಗೇ ಒಂದು ಆಸೆಯೂ ಹುಟ್ಟಿತು. ಹೋದ ವರ್ಷ ಬಂದ ನನ್ನ ಪ್ರಬಂಧ ಸಂಕಲನದ ಬಗ್ಗೆ ಇದುವರೆಗೆ ಒಬ್ಬರೂ ತುಟಿ ಬಿಚ್ಚಿಲ್ಲ. ಯಾರ ಬಾಯಿಂದಾದರೂ ಸರಿ, ಒಂದು ಒಳ್ಳೆಯ ಮಾತು ಕೇಳಬೇಕೆಂದು ಜೀವ ಹಾತೊರೆಯುತ್ತಿತ್ತು. ಭಾವ ಕಾಫಿಗೆಂದು ಒಳಗೆ ಹೋದಾಗ ಅದಕ್ಕೂ ಖಾಕಿ ಬೈಂಡ್ ಹಾಕಿ ರಾಶಿಗೆ ಸೇರಿಸಿದೆ.

ಭಾವ ಬಂದು ಅದನ್ನು ನಡುವೆ ತೆರೆದರು. ಬೆಳಕಿಗೆ ಹಿಡಿದರು, ಉಜ್ಜಿದರು, ಅಲ್ಲಾಡಿಸಿದರು. ಮುಖ ಅರಳಿತು. "ಕಾಗದ ಅಂದ್ರೆ ಇದು ನೋಡಿ." ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಅವರಿಗೇನನ್ನಿಸಿತೋ, ಎಂದೂ ಇಲ್ಲದ್ದು, ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಪುಸ್ತಕ ಮುಚ್ಚಿ ನಿಟ್ಟುಸಿರುಬಿಟ್ಟರು.

"ಇಂಥಾ ಹಾಳೆನ ಖಾಲಿ ಬಿಟ್ಟಿದ್ರೆ ಯಾವುದಾದ್ರೂ ಮಗು ಲೆಕ್ಕನಾದ್ರೂ ಮಾಡ್ಕೋತಿತ್ತು ಮಾರಾಯ್ರೇ."

ಭಾವನಿಗೆ ಸಾಹಿತ್ಯ ತಿಳಿಯದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ಇಡೀ ರಾಶಿಯಲ್ಲಿ ಓದಿಸಿಕೊಂಡು ತೀರ್ಪು ಪಡೆದ ಪುಸ್ತಕ ನನ್ನದೊಂದೇ.