ತೆಲಿಗಿಯ ಮಣ್ಣಿಗೆ ಬಾರದ ಮಾರ್ಗದರ್ಶಿಗಳಿಗೆ

ಮಾನ್ಯರೇ,

ನವದೀಕ್ಷಿತ ಸಭಾಸೇವಕರ ತರಬೇತಿ ಮತ್ತು ಪೋಷಣಾ ಸಮಿತಿಯ ಘನ ಸಂಚಾಲಕರೂ, ನಮ್ಮ ಪಾದ್ರಿಯಮ್ಮ ರೆವರೆಂಡ್ ಕೃಪಾವತಿಯವರಿಗೆ ಸಮಿತಿಯೇ ಗೊತ್ತುಮಾಡಿಕೊಟ್ಟ ಮಾರ್ಗದರ್ಶಿ ಗುರುಗಳೂ ಆದ ತಮ್ಮ ಸನ್ನಿಧಾನಕ್ಕೆ, ಹಗರಿಬೊಮ್ಮನಹಳ್ಳಿ ಸಭೆಯ ಹಿರಿಯಳೂ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳೂ ಆದ ಎಸ್ತೇರಮ್ಮ ಮೈಲಪ್ಪ ತಲೆಬಾಗಿ ಮಾಡುವ ವಂದನೆಗಳು. ತಾವು ಕ್ಷೇಮವೆಂಬುದು ಬೆಳಗಾದರೆ ತಮ್ಮ ಫೋನಿನಿಂದ ಬರುವ ಗುಲಾಬಿ ಹೂವಿನ ಚಿತ್ರಗಳಿಂದ ನಮಗೆ ತಿಳಿಯುತ್ತಲೇ ಇದೆ. ಇತ್ತ ನಾವು ಕ್ಷೇಮವೋ ಅಲ್ಲವೋ ಎಂದು ತಮಗೆ ತಿಳಿಯುವ ದಾರಿ ಯಾವುದೂ ಕಾಣದ್ದರಿಂದ ಈ ಪತ್ರ. ಬಹಿರಂಗವಾಗಿ ಏಕೆ ಎಂದರೆ, ಅಂತರಂಗವಾಗಿ ಬರೆದದ್ದಕ್ಕೆಲ್ಲ ತಮ್ಮಿಂದ ಬಂದ ಉತ್ತರವೂ ಗುಲಾಬಿಯೇ ಆಗಿತ್ತು.

ನಮ್ಮ ಮನೆಯ ಮಾತು ತಿಳಿಯದವರೂ ಇದನ್ನು ಓದಬಹುದಾದ್ದರಿಂದ ಎರಡು ಮಾತು ಬಿಡಿಸಿ ಹೇಳಲು ಅಪ್ಪಣೆಯಾಗಬೇಕು. ನಮ್ಮ ಆಂಗ್ಲಿಕನ್ ಪರಂಪರೆಯಲ್ಲಿ ಹೊಸದಾಗಿ ದೀಕ್ಷೆ ಪಡೆದವರು ಮೊದಲ ವರ್ಷ ಸಭಾಸೇವಕರಾಗಿ, ಅನುಭವಸ್ಥ ಪಾದ್ರಿಯೊಬ್ಬರ ಕೈ ಹಿಡಿದು ನಡೆಯುತ್ತಾರೆ. ವರ್ಷ ಸರಿಯಾಗಿ ಕಳೆದರೆ ಎರಡನೆಯ ದೀಕ್ಷೆಯಾಗಿ ಪೂರ್ಣ ಪಾದ್ರಿಯಾಗುತ್ತಾರೆ, ಆಮೇಲಷ್ಟೇ ಸಭೆಗೆ ಕರ್ತನ ಭೋಜನದ ರೊಟ್ಟಿ ಮುರಿದು ಕೊಡಬಹುದು. ಆ ಮೊದಲ ವರ್ಷದಲ್ಲಿ ಹಿಡಿದುಕೊಳ್ಳಬೇಕಾದ ಕೈ ತಮ್ಮದು. ಕಳೆದ ವರ್ಷ ನಮ್ಮ ಕೃಪಾವತಿಯಮ್ಮ ಬೆಟಗೇರಿಯಿಂದ ಬಂದು ಇಳಿದಾಗ ಆ ಕೈಯನ್ನು ಹುಡುಕಿದರು. ಅದು ನಗರದಲ್ಲಿ, ಮೈಕು ಹಿಡಿದುಕೊಂಡಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಊರುಗಳ ಸಭೆಗಳನ್ನೆಲ್ಲ ಒಬ್ಬ ಹೊಸ ಹೆಣ್ಣುಮಗಳ ಹೆಗಲಿಗೆ ಹಾಕಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ದೂರ ನಿಂತು ನೋಡಿದ್ದರಿಂದಲೇ ಅದು ಸಾಧ್ಯವಾಯಿತು. ಅವರನ್ನು ಸಭೆಗೆ ಒಪ್ಪಿಸುವ ದಿನ ತಾವು ಬರುತ್ತೀರೆಂದು ಹಡಗಲಿಯಿಂದ ಮಲ್ಲಿಗೆ ದಂಡೆ ತರಿಸಿ ಕಾದೆವು. ತಾವು ಬರಲಿಲ್ಲ, ತಮ್ಮ ಧ್ವನಿ ಬಂತು. "ಹೆದರಬೇಡಮ್ಮ, ನಾನು ಫೋನಿನ ಆಚೆ ಸದಾ ಇದ್ದೇನೆ" ಎಂದಿತು. ಆ "ಆಚೆ" ಎಂಬುದು ಎಷ್ಟು ಆಚೆ ಎಂದು ನಮಗೆ ಆಗ ತಿಳಿದಿರಲಿಲ್ಲ.

ಹೊಸ ಪಾದ್ರಿ ಸಭೆಗೆ ಮಾಡುವ ಮೊದಲ ಪ್ರಸಂಗಗಳನ್ನು, ಅಂದರೆ ಉಪದೇಶಗಳನ್ನು, ಮಾರ್ಗದರ್ಶಿ ಕೇಳಿ ತಿದ್ದಬೇಕೆಂದು ತಮ್ಮ ಕೈಪಿಡಿ ಹೇಳುತ್ತದಂತೆ. ತಾವು ಬಿಡುವಿಲ್ಲದವರಾದ್ದರಿಂದ ಆ ಕೆಲಸವನ್ನು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯ ಕೆಂಚಕ್ಕ ಮಾಡಿದಳು. ಅವಳ ಪಡಸಾಲೆಯಲ್ಲಿ ಪ್ರಾರ್ಥನೆಗೆ ಕೂಡಿದ್ದಾಗ ಪಾದ್ರಿಯಮ್ಮ ಹಾಳೆ ಹಿಡಿದು "ರಕ್ಷಣೆಯ ಬಹುಸಾಂದರ್ಭಿಕ ಆಯಾಮಗಳು" ಎಂಬ ವಿಷಯವನ್ನು ಮುಗಿಯುವವರೆಗೂ ಓದಿದರು. ಓದಿ ಮುಗಿಸಿದಾಗ ಕೆಂಚಕ್ಕ ಬಹಳ ಮರ್ಯಾದೆಯಿಂದ ಹೇಳಿದಳು:

"ಯಮ್ಮಾ, ಭಾಳ ಚಂದ ಓದಿದ್ರಿ. ಈಗ ಏನರ ಹೇಳ್ರಿ."

ಪಾದ್ರಿಯಮ್ಮನ ಮುಖ ಕೆಂಪಾಯಿತು, ಆಮೇಲೆ ಅವರಿಗೇ ನಗು ಬಂತು. ಹಾಳೆ ಮಡಚಿಟ್ಟು ಚಾಪೆಯ ಮೇಲೆ ಕೂತು, ತಮ್ಮ ತಂದೆ ಬೆಟಗೇರಿಯ ಮಗ್ಗದಲ್ಲಿ ಕಡಿದ ಎಳೆಯನ್ನು ಬೈಯದೆ ಗಂಟುಹಾಕುತ್ತಿದ್ದ ಬಗೆಯನ್ನು ಹೇಳಿದರು. ಕೇಳುತ್ತ ಕೇಳುತ್ತ ಜನ ಚಾಪೆಯ ಹತ್ತಿರಕ್ಕೆ ಸರಿದು ಕೂತರು. ಆ ದಿನ ಅವರು ತಮಗೆ ಫೋನಿನಲ್ಲಿ ಬರೆದು, ತಪ್ಪಾಯಿತೇನೋ ಎಂದು ಅಳುಕುತ್ತ ಕೇಳಿದ್ದಕ್ಕೆ ತಾವು ಕೈಮುಗಿದ ಚಿತ್ರವೊಂದನ್ನು ಕಳಿಸಿದಿರಿ. ಅದರ ಅರ್ಥ ಸರಿ ಎಂದೋ, ತಪ್ಪು ಎಂದೋ, ಇಲ್ಲಾ ನನ್ನನ್ನು ಬಿಟ್ಟುಬಿಡು ಎಂದೋ, ನಾನು ಇಷ್ಟು ವರ್ಷ ವ್ಯಾಕರಣ ಕಲಿಸಿದವಳಾದರೂ ಬಿಡಿಸಲಾಗಲಿಲ್ಲ.

ನಮ್ಮ ಜನರೂ ದೇವದೂತರೇನಲ್ಲ. ಹರಪನಹಳ್ಳಿಯಲ್ಲಿ ಕೆಲವರು ಗಂಡಸು ಪಾದ್ರಿಯೇ ಬೇಕೆಂದು ಹಟ ಹಿಡಿದಿದ್ದರು. "ಪ್ರಾರ್ಥನಿ ಮಾಡ್ಲಿ, ಹಾಡ್ಲಿ, ಬ್ಯಾಡನ್ನಂಗಿಲ್ಲ. ಹೆಣ್ಣುಮಗಳು ನಿಂತು ಮಣ್ಣು ಮಾಡ್ಸಾದು ಎಲ್ಲರ ಐತೇನು?" ಎಂದು ಪಾದ್ರಿಯಮ್ಮನ ಎದುರಿಗೇ ಅಂದರು. ಅಂಥ ದಿನ ಒಂದು ಬರದಿರಲಿ ಎಂದು ಪಾದ್ರಿಯಮ್ಮ ಒಳಗೊಳಗೇ ಬೇಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಬಂದೇ ಬಂತು.

ಹರಪನಹಳ್ಳಿ ಹತ್ತಿರದ ತೆಲಿಗಿಯಲ್ಲಿ ಉಚ್ಚಂಗೆಮ್ಮ ತೀರಿಕೊಂಡಳು. ಮುಪ್ಪಿನಲ್ಲಿ ಮಗಳು ದುರುಗಮ್ಮನ ಜೊತೆ ದೀಕ್ಷಾಸ್ನಾನ ಪಡೆದು ನಮ್ಮ ಸಭೆಗೆ ಸೇರಿದವಳು. ಮಗ ಹುಲುಗಪ್ಪ ಮಾತ್ರ ಹಿರಿಯರ ದೇವರನ್ನು ಬಿಟ್ಟವನಲ್ಲ. ತಾಯಿಯನ್ನು ಕಿತ್ತುಕೊಂಡಿರಿ ಎಂದು ತಂಗಿಯ ಮೇಲೆ ಸಿಟ್ಟಾಗಿ ಅವಳೊಂದಿಗೆ ಮಾತು ಬಿಟ್ಟಿದ್ದ. ಈಗ ಹೆಣವನ್ನು ನಡುಮನೆಯಲ್ಲಿಟ್ಟುಕೊಂಡು ಅಣ್ಣ ತಂಗಿ ಎದುರುಬದುರಾಗಿ ನಿಂತಿದ್ದಾರೆ ಎಂಬ ಸುದ್ದಿ ಮಧ್ಯಾಹ್ನ ಬಂತು. ಮರುದಿನ ನಗರದಲ್ಲಿ ತಮ್ಮ ಕಡ್ಡಾಯ ತರಬೇತಿ. ಪಾಠದ ಹೆಸರು "ಶೋಕತಪ್ತರ ಸಂತೈಕೆ". ನಾನೂ ಪಾದ್ರಿಯಮ್ಮನೂ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಗದ್ದಲಕ್ಕೆ ಕೇಳದೆಂದು ಫೋನನ್ನು ಸ್ಪೀಕರಿಗೆ ಹಾಕಿ ತಮ್ಮನ್ನು ಕರೆದೆವು.

"ಸಾರ್, ತೆಲಿಗ್ಯಾಗ ಒಬ್ಬರು ತೀರಿಕೊಂಡಾರ್ರಿ. ನಾ ಇಲ್ಲೀತನಕ ಯಾರನ್ನೂ ಮಣ್ಣು ಮಾಡಿಸಿಲ್ಲ. ಮನ್ಯಾಗ ಜಗಳ ಬ್ಯಾರೆ ಐತಿ. ನೀವು ಬರ್ತೀರೇನ್ರಿ?" ಎಂದರು ಪಾದ್ರಿಯಮ್ಮ.

"ನಾಳೆ ತರಬೇತಿ ಕಡ್ಡಾಯ ಅಂತ ಗೊತ್ತಿದೆಯಲ್ಲ? ಅದನ್ನು ಮುಗಿಸಿಕೊಂಡು ಹೋಗು. ಸಂತೈಸೋದು ಹೇಗೆ ಅಂತ ಕ್ರಮವಾಗಿ ತಿಳಿಯುತ್ತೆ" ಎಂದಿರಿ ತಾವು.

"ಅಲ್ಲೀತನಕ ಹೆಣ ಇಡಾಕ ಆಗಂಗಿಲ್ರಿ ಸಾರ್."

"ನೋಡಮ್ಮ, ಈಗ ನಾನು ಆಲಿಸುವ ಕಲೆ ಅನ್ನೋ ವಿಷಯದ ಮೇಲೆ ಕ್ಲಾಸ್ ತಗೊಳ್ತಿದ್ದೀನಿ. ಆಮೇಲೆ ಮಾತಾಡೋಣ."

ಅಷ್ಟಕ್ಕೆ ಫೋನು ಕಟ್ಟಾಯಿತು. ಆಲಿಸುವ ಕಲೆಯನ್ನು ಬೋಧಿಸುವ ಸಲುವಾಗಿ ಆಲಿಸುವುದನ್ನೇ ತ್ಯಾಗ ಮಾಡಿದ ಮಹಾನುಭಾವರು ಈ ಸೀಮೆಯಲ್ಲಿ ತಮ್ಮನ್ನು ಬಿಟ್ಟರೆ ಬೇರೊಬ್ಬರಿಲ್ಲ. ಆ "ಆಮೇಲೆ" ಇನ್ನೂ ಆಗಿಲ್ಲವೆಂಬುದನ್ನು ನೆನಪಿಸುತ್ತೇನೆ. ಪಾದ್ರಿಯಮ್ಮ ಫೋನನ್ನು ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದರು. "ನೀವರ ಬರ್ತೀರೇನ್ರಿ ಅಕ್ಕಾ?" ಎಂದರು. ಇಬ್ಬರೂ ತೆಲಿಗಿಯ ಬಸ್ಸು ಹತ್ತಿದೆವು.

ಹುಲುಗಪ್ಪ ಬಾಗಿಲಲ್ಲೇ ಅಡ್ಡ ನಿಂತಿದ್ದ. "ನಮ್ಮವ್ವನ್ನ ನಾವು ಮಣ್ಣು ಮಾಡ್ತೀವಿ. ನಿಮ್ಮ ಪುಸ್ತಕ ನಿಮ್ಮ ಚೀಲದಾಗ ಇರ್ಲಿ" ಎಂದ. ಪಾದ್ರಿಯಮ್ಮ ವಾದಿಸಲಿಲ್ಲ. "ಒಳಗ ಕುಂದ್ರಾಕರ ಬಿಡ್ರಿ ಅಣ್ಣಾ" ಎಂದರು. ಸತ್ತ ಮನೆಗೆ ಬಂದವರನ್ನು ಕೂಡಬೇಡ ಅನ್ನುವುದು ನಮ್ಮ ಕಡೆ ಹಗೆಯಾದವನಿಗೂ ಬಾರದು. ಅವನು ಪಕ್ಕಕ್ಕೆ ಸರಿದ. ಅವರು ಉಚ್ಚಂಗೆಮ್ಮನ ತಲೆಯ ಬಳಿ ನೆಲದ ಮೇಲೆ ಕೂತರು. ಪುಸ್ತಕ ತೆಗೆಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ, ಯಾರನ್ನೂ ಗುರಿಯಿಟ್ಟು ನೋಡದೆ, "ಅವ್ವಗ ಏನು ಆಸೆ ಇತ್ತು?" ಎಂದು ಕೇಳಿದರು.

"ದಿನಾ ಸಂಜಿಕ ಒಂದು ಪದ ಹಾಡ್ತಿದ್ದಳ್ರಿ. ಅದನ್ನ ಹಾಡಿ ಕಳಸ್ರಿ ಅಂತಿದ್ದಳು" ಎಂದಳು ದುರುಗಮ್ಮ.

"ಅಪ್ಪನ ಬಾಜೂಕ ಇಡು ಅಂತ ನನಗ ಹೇಳ್ಯಾಳ" ಎಂದ ಹುಲುಗಪ್ಪ ಗೋಡೆಯ ಕಡೆ ಮುಖ ಮಾಡಿ. "ಅಪ್ಪ ನಮ್ಮ ಹೊಲದಾಗ ಅದಾನ. ಅವ್ವನ್ನ ಹರಪನಹಳ್ಳಿಗೆ ಒಯ್ದು, ನಿಮ್ಮ ಮಂದಿ ನಡುವ ಒಬ್ಬಾಕಿನ್ನ ಮಲಗಸಾಕ ನಾ ಕೊಡಂಗಿಲ್ಲ."

"ಮತ್ತ ಜಗಳ ಎಲ್ಲೈತ್ರಿ? ಮಗಳಿಗೆ ಒಂದು ಹೇಳ್ಯಾರ, ಮಗಗ ಒಂದು ಹೇಳ್ಯಾರ. ಎರಡೂ ಅವರವ ಮಾತು. ಹೊಲದಾಗ ಇಡೋಣು, ಪದ ಹಾಡೋಣು" ಎಂದರು ಪಾದ್ರಿಯಮ್ಮ.

ಹುಲುಗಪ್ಪ ತಿರುಗಿ ನೋಡಿದ. "ಮೂರನೇ ದಿನ ನಾ ಎಡಿ ಇಡಾಂವ. ಅದಕ್ಕ ಬ್ಯಾಡಂತೀರೇನು?"

"ಅದು ನಿಮ್ಮದು ಅಣ್ಣಾ. ನಾ ಕೊಟ್ಟಿದ್ದಲ್ಲ, ಕಸಗೊಳ್ಳಾಕ ನನಗ ಹಕ್ಕಿಲ್ಲ."

ಮರುದಿನ ಬೆಳಿಗ್ಗೆ, ತಾವು ನಗರದಲ್ಲಿ ಶೋಕತಪ್ತರ ಸಂತೈಕೆಗೆ ದೀಪ ಹಚ್ಚುತ್ತಿದ್ದ ಹೊತ್ತಿಗೆ, ಉಚ್ಚಂಗೆಮ್ಮನನ್ನು ಗಂಡನ ಪಕ್ಕಕ್ಕೆ ಇಳಿಸಿದರು. ಹರಪನಹಳ್ಳಿಯ ಆ ಹಟದ ಗಂಡಸರೂ ಬಂದು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಪಾದ್ರಿಯಮ್ಮ ಪುಸ್ತಕ ತೆರೆದು ಓದತೊಡಗಿದರು. "ಮಣ್ಣಿಗೆ ಮಣ್ಣು" ಎಂಬಲ್ಲಿಗೆ ಬಂದಾಗ ದುರುಗಮ್ಮ ಕುಸಿದು ಕೂತು ಗೋಳಾಡಿದಳು. ಅದನ್ನು ನೋಡಿ ಪಾದ್ರಿಯಮ್ಮನ ಕಣ್ಣೀರು ಪುಟದ ಮೇಲೆ ಬಿತ್ತು, ಓದು ನಿಂತೇಹೋಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಇಲ್ಲಿಗೆ ಮುಗಿಯಿತು, ಈ ಹುಡುಗಿ ಇನ್ನು ಈ ಸೀಮೆಯಲ್ಲಿ ತಲೆಯೆತ್ತಲಾರಳು ಎಂದು ನಾನು ಎಣಿಸುತ್ತಿದ್ದಂತೆ ಕುಣಿಯ ಆಚೆಯಿಂದ ಹುಲುಗಪ್ಪ ಮಾತಾಡಿದ.

"ಓದ್ರಿ ಯಮ್ಮಾ, ನಿಲ್ಲಸಬ್ಯಾಡ್ರಿ. ಅಳಾದು ನಾವು ಅಳತೀವಿ, ನೀವು ಓದ್ರಿ."

ಅವರು ಮುಖ ಒರೆಸಿಕೊಂಡು ಕೊನೆಯವರೆಗೂ ಓದಿದರು. ಹುಲುಗಪ್ಪ ಮೊದಲ ಹಿಡಿ ಮಣ್ಣು ಹಾಕಿ, ಎರಡನೆಯದನ್ನು ತಂಗಿಯ ಕೈಗೆ ಕೊಟ್ಟ. ದೂರ ನಿಂತಿದ್ದ ಗಂಡಸರು ಹತ್ತಿರ ಬಂದು ಪದಕ್ಕೆ ಧ್ವನಿ ಕೂಡಿಸಿದರು. ಅಣ್ಣ ತಂಗಿ ಮಾತಾಡುತ್ತ ಹೊಲದ ದಾರಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ.

ಇದಕ್ಕೆ ತಮ್ಮ ಸಮಿತಿ ಕೊಟ್ಟ ಬಹುಮಾನವನ್ನು ಲೋಕ ಅರಿಯಬೇಕು. ತಾವು ಕಳಿಸಿದ ತೀರ್ಪಿನ ಪ್ರಕಾರ, ರೆವರೆಂಡ್ ಕೃಪಾವತಿಯವರು ಶೋಕತಪ್ತರನ್ನು ಸಂತೈಸುವ ಪಾಠಕ್ಕೆ ಗೈರುಹಾಜರಾದ್ದರಿಂದ ಅವರಿಗೆ ಶೋಕತಪ್ತರನ್ನು ಸಂತೈಸಲು ಬರುವುದಿಲ್ಲ. ಸಭೆಯ ಸಮಾಧಿಭೂಮಿಯನ್ನು ಬಿಟ್ಟು ಹೊಲದಲ್ಲಿ ಹೂಳಿಸಿದ್ದರಿಂದ ಶಿಸ್ತೂ ಸಾಲದು. ಆದ್ದರಿಂದ ಅವರ ಎರಡನೆಯ ದೀಕ್ಷೆ ಒಂದು ವರ್ಷ ಮುಂದಕ್ಕೆ. ಈಜು ಕಲಿಸುವ ಪಾಠಕ್ಕೆ ಬಾರದೆ ಮುಳುಗುವವರನ್ನು ಎತ್ತಲು ಹೊಳೆಗೆ ಹಾರಿದವಳನ್ನು ಈಜು ಬಾರದವಳೆಂದು ಬರೆದಿಟ್ಟ ತಮ್ಮ ನ್ಯಾಯಬುದ್ಧಿಗೆ ನಾವು ಐದು ಊರಿನವರೂ ನಿಂತು ಚಪ್ಪಾಳೆ ತಟ್ಟಿದ್ದೇವೆ. ಆ ಒಂದು ವರ್ಷ ಕರ್ತನ ಭೋಜನವಿಲ್ಲದೆ ಕಾಯುವವರು ನಾವು. ತಮ್ಮ ಮೇಜಿನ ಮೇಲೆ ಮಾತ್ರ ಊಟಕ್ಕೆ ಕೊರತೆ ಬಾರದಿರಲಿ.

ತೀರ್ಪು ಬಂದ ದಿನ ಪಾದ್ರಿಯಮ್ಮ ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, "ನನಗ ಬರೂದಿಲ್ರಿ ಅಕ್ಕಾ ಇದು. ಬರೂದಿಲ್ಲ ಅಂತ ಅವರೂ ಹೇಳ್ಯಾರ" ಎಂದವರೇ ಬಟ್ಟೆ ಕಟ್ಟಿಕೊಂಡು ಬೆಟಗೇರಿಗೆ ಹೊರಟುಹೋದರು. ಸಭೆಗಳು ಬೀಗ ಹಾಕಿಕೊಂಡವು. ಹೊಸ ಪಾದ್ರಿಗಳನ್ನು ಪೋಷಿಸುವ ಸಮಿತಿಯಿಂದ, ಹೋದವಳು ಬದುಕಿದ್ದಾಳೆಯೇ ಎಂದು ಒಂದು ಮಾತು ಬರಲಿಲ್ಲ. ಗುಲಾಬಿಗಳು ಮಾತ್ರ ತಪ್ಪದೆ ಬಂದವು.

ಕಡೆಗೆ ನಾನೂ ದುರುಗಮ್ಮನೂ ಬೆಟಗೇರಿಗೆ ಹೋದೆವು. ದುರುಗಮ್ಮ ಬಾಗಿಲಲ್ಲಿ ನಿಂತವಳು ಕೂಡಲೂ ಇಲ್ಲ, ಹೇಳಿಯೇಬಿಟ್ಟಳು: "ನಮ್ಮಣ್ಣ ಕಳಿಸ್ಯಾನ್ರಿ. ಪಾದ್ರಿಯಮ್ಮಗ ಬರಾಕ ಹೇಳು, ಇಲ್ಲಾಂದ್ರ ನಾನ ಬರ್ತೀನಿ ಅಂದಾನ." ಪಾದ್ರಿಯಮ್ಮ, "ಒಬ್ಬಾಕೀನ ಬರಂಗಿಲ್ಲ ಅಕ್ಕಾ. ಎಲ್ಲಿ ಹೋದ್ರೂ ನಿಮ್ಮಾಗ ಯಾರರ ಒಬ್ಬರು ನನ್ನ ಜೋಡಿ ಇರಬೇಕು" ಎಂದರು. ತಮ್ಮ ಸಮಿತಿಗೆ ಇಷ್ಟು ಕಾಲ ಹೊಳೆಯದ ಪೋಷಣೆಯ ವಿಧಾನ ಅದೊಂದೇ ವಾಕ್ಯದಲ್ಲಿತ್ತು. ಈಗ ಅವರು ಯಾವ ಊರಿಗೆ ಹೊರಟರೂ ಆ ಊರಿನವರೊಬ್ಬರು ಬಸ್‌ಸ್ಟ್ಯಾಂಡಿಗೆ ಬಂದು ಕರೆದೊಯ್ಯುತ್ತಾರೆ, ಪ್ರಸಂಗ ಕೇಳಿ ಚೆನ್ನಾಗಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ, ಇಲ್ಲದಿದ್ದರೆ ಕೆಂಚಕ್ಕ ಇದ್ದೇ ಇದ್ದಾಳೆ. ಅವರನ್ನು ಒಬ್ಬರೇ ಉಣ್ಣಲು ಯಾರೂ ಬಿಡುವುದಿಲ್ಲ. ಪಾದ್ರಿಯಮ್ಮ ನಗುತ್ತಾರೆ, ನಿದ್ದೆ ಮಾಡುತ್ತಾರೆ, ಆಗಾಗ ನಮ್ಮನ್ನು ಬೈಯಲೂ ಕಲಿತಿದ್ದಾರೆ.

ಇನ್ನು ತಮ್ಮಲ್ಲಿ ನಮ್ಮ ಸಣ್ಣ ವಿನಂತಿಗಳು. ತಮ್ಮ ತರಬೇತಿಯ ದಿನಗಳಂದು ನಮ್ಮ ಸೀಮೆಯಲ್ಲಿ ಯಾರೂ ಸಾಯಕೂಡದೆಂದು ಸಮಿತಿಯ ಮೊಹರಿನೊಂದಿಗೆ ಆಜ್ಞೆ ಹೊರಡಿಸಬೇಕು. ಮೀರಿ ಸತ್ತವರಿಗೆ ಎರಡನೆಯ ಅವಕಾಶ ಕೊಡಬಾರದು. ಸಾವು ತಮ್ಮ ಕ್ಲಾಸಿನ ನಡುವೆ ಫೋನು ಮಾಡದಂತೆ ಅದಕ್ಕೂ ಒಂದು ಕಡ್ಡಾಯ ತರಬೇತಿ ಏರ್ಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಾದ್ರಿಯಮ್ಮನಿಗೆ ಮಾರ್ಗ ತೋರಿಸುವ ಆಯಾಸದಿಂದ ತಾವು ದಯಮಾಡಿ ವಿಶ್ರಾಂತಿ ಪಡೆಯಬೇಕು, ಅವರ ದೀಕ್ಷೆಗೆ ಅಡ್ಡವಿಟ್ಟ ಕಾಲನ್ನು ಆ ವಿಶ್ರಾಂತಿಗಾಗಿ ಸ್ವಲ್ಪ ಈಚೆಗೆ ಮಡಚಿಕೊಳ್ಳಬೇಕು. ಇದೊಂದನ್ನು ಮಾತ್ರ ನಾನು ವ್ಯಂಗ್ಯವಿಲ್ಲದೆ ಕೇಳುತ್ತಿದ್ದೇನೆ.

ದೇವರಲ್ಲಿ ಪೂರ್ತಿಯಾಗಿಯೂ, ತಮ್ಮಲ್ಲಿ ಅಷ್ಟಕ್ಕಷ್ಟೆಯೂ,
ತಮ್ಮ ವಿಶ್ವಾಸಿ,
ಎಸ್ತೇರಮ್ಮ ಮೈಲಪ್ಪ
ಹಗರಿಬೊಮ್ಮನಹಳ್ಳಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಕಚೇರಿಯಿಂದ ಸಂದೇಶ ಬಂತು. ಸಮಿತಿಯ ವಾರ್ಷಿಕ ವರದಿಯ ಮುಖಪುಟಕ್ಕೆ ಪಾದ್ರಿಯಮ್ಮನೂ ತಾವೂ ಜೊತೆಗಿರುವ ಫೋಟೋ ಬೇಕಂತೆ. ನಮ್ಮಲ್ಲಿ ಅಂಥದ್ದೊಂದೂ ಇಲ್ಲ, ತೆಗೆಸಿಕೊಳ್ಳಲು ಧಾರಾಳವಾಗಿ ಬನ್ನಿ. ಆದರೆ ಬಸ್ಸಿನಿಂದ ಇಳಿದ ಕೂಡಲೇ ತಾವೇ ಕೈ ಎತ್ತಿ ಹೆಸರು ಹೇಳಬೇಕು. ಇಲ್ಲಿ ಯಾರಿಗೂ, ಪಾದ್ರಿಯಮ್ಮನಿಗೂ ಸೇರಿ, ತಮ್ಮ ಮುಖದ ಗುರುತಿಲ್ಲ.