ದಾರಿ ಕೇಳುವ ಅತ್ತೆ

ನಮ್ಮ ಸೋದರತ್ತೆ ಒಮ್ಮೆಯೂ ದಾರಿ ತಪ್ಪಿದವರಲ್ಲ. ಆದರೆ ದಾರಿ ಕೇಳದೆ ಹತ್ತು ಮಾರು ನಡೆದವರೂ ಅಲ್ಲ! ಮದುವೆಯಾಗಿ ಬಂದಾಗಿನಿಂದ ತೆಲುಗು ನಾಡಿನ ಮಹಾನಗರದ ಮೆಹದಿಪಟ್ಟಣ ಬಡಾವಣೆಯಲ್ಲೇ ಇರುವ ಈ ಮಹಾತಾಯಿ, ಅಲ್ಲಿಯ ಬಸ್ ನಿಲ್ದಾಣದಲ್ಲೇ ನಿಂತು, "ಭೈಯಾ, ಮೆಹದಿಪಟ್ಟಣಂ ಕಿಧರ್ ಹೈ?" ಎಂದು ಹಣ್ಣಿನವನನ್ನು ಕೇಳಿದ್ದಕ್ಕೆ ನಾನೇ ಸಾಕ್ಷಿ. ಆತ ಸುಮ್ಮನೆ ತನ್ನ ಕಾಲ ಕೆಳಗಿನ ನೆಲ ತೋರಿಸಿದ. ನಾನು ಪಪ್ಪಾಯಿ ರಾಶಿಯ ಹಿಂದೆ ಅಡಗಿದೆ.

ಇಂಥವರನ್ನು ಯಾರಾದರೂ ಚಾರಣಕ್ಕೆ ಕರೆಯುತ್ತಾರೆಯೇ? ನಾನೂ ಕರೆದಿರಲಿಲ್ಲ! ಅದೇ ನಗರದ ಮಾದಾಪುರದಲ್ಲಿರುವ ನಮ್ಮ ಆಫೀಸಿನ ಗೆಳತಿಯರೆಲ್ಲ ಗೋಕರ್ಣದ ಕಡೆ ಹೊರಟಿದ್ದೆವು. ಅಲ್ಲಿ ಕಡಲಂಚಿನ ಗುಡ್ಡಗಳ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಪುರಾತನ ಕಾಲುದಾರಿಯೊಂದಿದೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅತ್ತೆ ಚೀಲ ತುಂಬತೊಡಗಿದರು.

"ಅತ್ತೀ, ಗುಡ್ಡಾ ಹತ್ತೂದೈತ್ರಿ..."

"ಹತ್ತಿದ್ರಾತು! ಲಿಫ್ಟ್‌ನಾಗ ಓಡಾಡಿ ನಿಮ್ಮ ಕಾಲು ಸತ್ತಾವ. ನನ್ನವು ಇನ್ನೂ ಜೀವಂತ ಅದಾವ!"

ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ, ನಡುವೆ ಒಂದೇ ಒಂದು ದಾರಿ. ಕೇಳುವುದೇನಿದೆ, ನೀವೇ ಹೇಳಿ? ಆದರೂ ಅತ್ತೆ ಮೊದಲ ಹಳ್ಳಿಯಲ್ಲೇ ಅಂಗಳ ಗುಡಿಸುತ್ತಿದ್ದ ಹೆಂಗಸನ್ನು ಹಿಡಿದರು. "ತಂಗೀ, ಮುಂದಿನ ಊರಿಗೆ ದಾರಿ ಯಾವುದವಾ?"

"ನೀವು ನಿಂತದ್ದೇ ದಾರಿ, ಅಮ್ಮ!"

ಅಷ್ಟಕ್ಕೆ ಮುಗಿಯಿತೇ? ಅತ್ತೆ ಅಡುಗೆಮನೆಯವರೆಗೂ ಹೋಗಿ, ಶರಬತ್ತು ಕುಡಿದು, ಆಕೆಯ ಸೊಸೆಯ ತವರಿನ ಕಥೆಯನ್ನೆಲ್ಲ ಕೇಳಿಕೊಂಡು ಬಂದರು. ನಾವು ಬಿಸಿಲಲ್ಲಿ ಒಣಗಿದೆವು. ಎರಡನೆಯ ಹಳ್ಳಿಯಲ್ಲಿ ಬಾವಿಕಟ್ಟೆಯ ಮೇಲೆ ಮೀಯುತ್ತಿದ್ದ ಗಂಡಸನ್ನೂ ಬಿಡಲಿಲ್ಲ. ಕಣ್ಣಿಗೆ ಸೋಪು ಹೋಗಿದ್ದ ಆ ಪುಣ್ಯಾತ್ಮ ನೇರವಾಗಿ ಸಮುದ್ರ ತೋರಿಸಿದ!

"ಮೀ ಅತ್ತಯ್ಯ ಸೂಪರ್!" ಎಂದು ಗೆಳತಿಯೊಬ್ಬಳು ತೆಲುಗಿನಲ್ಲಿ ಹೇಳಿ ಬಿದ್ದು ಬಿದ್ದು ನಕ್ಕಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆ ಹೆಂಗಸು ಯಾರೋ ನಾನ್ಯಾರೋ ಎನ್ನುವಂತೆ ದಾಪುಗಾಲು ಹಾಕಿ ಮುಂದೆ ನಡೆದೆ.

ಕೊನೆಯ ಗುಡ್ಡದಿಂದ ದಾರಿ ಬಂಡೆಗಳ ಮೇಲೆ ಸರ್ರನೆ ಕಡಲಿಗೆ ಇಳಿಯುತ್ತಿತ್ತು. ಗೆಳತಿಯರು ಹಾರುತ್ತ ಇಳಿದರು, ನಾನೂ ಅವರ ಹಿಂದೆಯೇ ಇಳಿಯುತ್ತಿದ್ದೆ. ಅತ್ತೆಯ ದನಿಯೇ ಇಲ್ಲವಲ್ಲ ಎಂದು ತಿರುಗಿದರೆ, ಬಂಡೆಯನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಾರೆ! ಮೇಲೆ ಓಡಿದೆ.

"ಏನಾತ್ರಿ, ಅತ್ತೀ?"

"ಕಾಲು ನಡಗಾಕತ್ತಾವ ಯವ್ವಾ," ಎಂದರು ಮೆಲ್ಲಗೆ. "ಕುಂತು ಜಾರಿಕೋತ ಇಳಿಯಾಕ ಬರತೈತಿ. ಆದ್ರ ನಿನ್ನ ಗೆಳತ್ಯಾರ ಮುಂದ ನಿನಗ ಮತ್ತ ನಾಚಿಗಿ. ನೀ ಹೋಗು, ನಾ ಹಿಂದಿಂದ ಬರತೇನಿ."

ಮತ್ತೆ ನಾಚಿಕೆ! ಅಂದರೆ ಬೆಳಗಿನಿಂದ ನನ್ನ ಮುಖ ನೋಡುತ್ತಲೇ ಇದ್ದರು.

ನಾನೂ ಅವರ ಪಕ್ಕದಲ್ಲಿ ಕೂತೆ. "ನನಗೂ ಅಂಜಿಕಿ ಆಗೇತ್ರಿ. ಕೈ ಹಿಡಕೋರಿ," ಎಂದೆ.

ಕೂತಲ್ಲೇ ಜಾರುತ್ತ, ತೆವಳುತ್ತ, ಕೆಂಪು ಮಣ್ಣು ಮೆತ್ತಿಕೊಂಡು ಇಬ್ಬರೂ ಇಳಿದೆವು. ಕೆಳಗೆ ಗೆಳತಿಯರು ಫೋನು ಎತ್ತಿ ಹಿಡಿದಿದ್ದರು. ಮರಳು ಸಿಕ್ಕ ಮೇಲೂ ಅತ್ತೆ ನನ್ನ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.