ಗುಡ್ಡಕ್ಕೆ ಹೊರಟ ಮೂರು ಚೀಲಗಳು

ನಾಚಿಕೆಪಡಲು ಡೊಂಬಿವಲಿಯವನು ದೂರ ಹೋಗಬೇಕಾಗಿಲ್ಲ. ಬೆಳಗಿನ ಲೋಕಲ್ ರೈಲು ಹತ್ತಿದರೆ ಸಾಕು. ಒಬ್ಬರ ಕಾಲು ತುಳಿದು ಇನ್ನೊಬ್ಬರ ಕ್ಷಮೆ ಕೇಳುವುದು, ಪಕ್ಕದವರ ಪೇಪರಿನಲ್ಲಿ ಕಣ್ಣಿಟ್ಟು ಅವರು ಪುಟ ತಿರುಗಿಸುವಾಗ ಬಾಯಿತಪ್ಪಿ "ಒಂದ್ನಿಮಿಷ" ಎನ್ನುವುದು, ಇವೆಲ್ಲ ನನಗೆ ಆಗುತ್ತಲೇ ಇರುತ್ತವೆ. ಆದರೆ ಆಯುಷ್ಯಕ್ಕೆ ಸಾಕಾಗುವಷ್ಟು ನಾಚಿಕೆಯನ್ನು ಒಂದೇ ಚಳಿಗಾಲದಲ್ಲಿ ಸಂಪಾದಿಸಿದ್ದು, ನಾವು ಮೂವರು ಗೆಳೆಯರು ಬೆನ್ನಿಗೆ ಚೀಲ ಏರಿಸಿ ಕರ್ನಾಟಕದ ಗುಡ್ಡವೊಂದನ್ನು ಹತ್ತಿ ಬರಲು ಹೊರಟ ವರ್ಷ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಕಾಲೇಜಿನ ಗೆಳೆಯರ ಜೊತೆ ಸಹ್ಯಾದ್ರಿಯ ಕೋಟೆಗಳನ್ನು ಹತ್ತಿ ಇಳಿಯುವವಳು. ನನ್ನದು ಬೇರೆ ದಾರಿ. ಪರ್ವತಾರೋಹಣದ ಪುಸ್ತಕಗಳೇ ನನ್ನ ಕಪಾಟಿನಲ್ಲಿ ಒಂದು ಸಾಲು ಇವೆ. ಹಿಮಪಾತವಾದಾಗ ಏನು ಮಾಡಬೇಕೆಂದು ಫ್ಯಾನಿನ ಕೆಳಗೆ ಕೂತು ಓದಿದ್ದೇನೆ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಅವಳ ಕಿವಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಒಂದು ದಿನ ಕಪಾಟು ನೋಡುತ್ತಾ ಹೇಳಿದಳು: "ಪಪ್ಪಾ, ಆಪ್ ಸಿರ್ಫ್ ಪಢತೇ ಹೋ." ನೀವು ಓದುವುದಷ್ಟೇ.

ಅವಳ ಎದುರು ಒಮ್ಮೆಯಾದರೂ ಗುಡ್ಡ ಇಳಿದು ಬಂದವನಾಗಿ ನಿಲ್ಲಬೇಕೆಂದು ಅಂದೇ ನಿಶ್ಚಯಿಸಿದೆ.

ಸಾಂಬಾರು

ಮೊದಲ ಸಭೆ ಥಾಣೆಯ ಕೋಪರಿಯಲ್ಲಿ, ಉಡುಪಿ ಕಡೆಯ ಗೆಳೆಯನ ಹೋಟೆಲಿನಲ್ಲಿ ನಡೆಯಿತು. ಮೂರನೆಯವನು ಧಾರವಾಡ ಕಡೆಯವನು. ಬ್ಯಾಂಕಿನ ಕೆಲಸ, ಕಲ್ಯಾಣದಲ್ಲಿ ಮನೆ.

"ಹಿಮಾಲಯಕ್ಕ ಹೋಗೋಣ್ರಿ" ಎಂದ ಬ್ಯಾಂಕಿನವನು.

"ಅಲ್ಲಿ ಊಟ ಹೇಗೆ?" ಎಂದ ಹೋಟೆಲಿನವನು.

ರಾಜಸ್ಥಾನ ಎಂದೆವು. "ಊಟ ಹೇಗೆ?" ಮಧ್ಯಪ್ರದೇಶ ಎಂದೆವು. "ಊಟ?" ಕೊನೆಗೆ ಗುಜರಾತ್ ಎಂದಾಗ ಅವನು ಕೈಯನ್ನೇ ಮುಗಿದ. "ಬೇಡ ಮಾರಾಯ. ಅವರು ಸಾಂಬಾರಿಗೆ ಬೆಲ್ಲ ಹಾಕ್ತಾರೆ."

"ನಿಮ್ಮ ಹೋಟೆಲ್ನಾಗೂ ಹಾಕ್ತೀರಲ್ರೀ!"

"ಅದು ಗಿರಾಕಿಗೆ" ಎಂದ ಹೋಟೆಲಿನವನು. "ನಾನು ತಿಂತೇನಾ?"

ನಾನು ಆ ಸಾಂಬಾರನ್ನು ಮೆಚ್ಚಿ ಎರಡನೇ ಬಟ್ಟಲು ತರಿಸಿಕೊಂಡಿದ್ದೆ. ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಕುಚ್ಚಲಕ್ಕಿ ಗಂಜಿ ಸಿಗುವ ಗುಡ್ಡವೇ ಆಗಬೇಕೆಂದು ತೀರ್ಮಾನವಾಗಿ, ಕೊಡಚಾದ್ರಿ ಆಯ್ಕೆಯಾಯಿತು.

ಅಭ್ಯಾಸ

ಮಗಳು ತನ್ನ ಚೀಲವನ್ನೇ ಕೊಟ್ಟಳು. ಎಂಥೆಂಥ ಕೋಟೆಗೋ ಅವಳ ಜೊತೆ ಹೋಗಿ ಬಂದ ಚೀಲ ಅದು. "ಜ್ಯಾದಾ ಮತ್ ಭರನಾ" ಎಂದು ಎಚ್ಚರಿಸಿದಳು, ತುಂಬಾ ತುಂಬಿಸಬೇಡಿ ಎಂದು. ವಾಶಿಯ ಮಾಲಿಗೆ ಹೋಗಿ ಬೂಟು ಕೊಂಡೆ. ಭಾರ ಹೊತ್ತು ಹತ್ತುವ ಅಭ್ಯಾಸ ಬೇಕೆಂದು ನನ್ನ ಪುಸ್ತಕಗಳಲ್ಲಿ ಬರೆದಿತ್ತು. ಭಾರಕ್ಕೆ ಅದೇ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಭಾನುವಾರ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತತೊಡಗಿದೆ.

ಐದನೇ ಮಹಡಿಯಲ್ಲಿ ಉಸಿರು ನಿಂತಂತಾಗಿ ಒಂದು ಬಾಗಿಲಿನ ಎದುರೇ ಕುಸಿದು ಕೂತೆ. ಬೆನ್ನಿಗೆ ಒತ್ತುತ್ತಿದ್ದ ದಪ್ಪ ಪುಸ್ತಕಗಳನ್ನು ತೆಗೆದು ಮೆಟ್ಟಿಲ ಮೇಲೆ ಹರಡಿದೆ. ಬಾಗಿಲು ತೆರೆಯಿತು. ಸೊಸೈಟಿ ಸೆಕ್ರೆಟರಿಯ ಹೆಂಡತಿ.

"ನಹೀ ಚಾಹಿಯೇ", ಏನೂ ಬೇಡ ಎಂದು ಬಾಗಿಲು ಹಾಕಿಕೊಂಡರು.

ಇವರ ಮನೆಯ ಗಣಪತಿಗೆ ಪ್ರತಿವರ್ಷ ಹೋಗಿ ಪ್ರಸಾದ ತಿಂದವನು ನಾನು. ಆದರೆ ತಲೆಯೆತ್ತಿ ಮಾತಾಡಿಸಿದ್ದಿಲ್ಲ, ಆದ್ದರಿಂದ ತಪ್ಪು ಅವರದೆನ್ನಲಾರೆ. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ಕೈಯಲ್ಲಿ ನೀರಿನ ಲೋಟ. ಸದ್ಯ, ಗುರುತು ಹತ್ತಿತು ಎಂದುಕೊಂಡೆ.

ನೀರು ಕೊಟ್ಟು ಕನಿಕರದಿಂದ ಕೇಳಿದರು: "ಭೈಯಾ, ಬಚ್ಚೋಂ ಕೀ ಡಿಕ್ಷನರಿ ಹೈ ಕ್ಯಾ?" ಮಕ್ಕಳ ಡಿಕ್ಷನರಿ ಇದೆಯೇ ಎಂದು.

ಚಿಕ್ಕ ಕಟ್ಟು

ಇಲ್ಲಿಯ ನಮ್ಮ ಕರಾವಳಿಯವರಲ್ಲಿ ಒಂದು ಪದ್ಧತಿಯಿದೆ. ಯಾರೇ ಊರ ಕಡೆ ಹೊರಟರೂ ಅವರ ಕೈಯಲ್ಲಿ ಏನಾದರೂ ಕೊಟ್ಟು ಕಳಿಸಬೇಕು. ಬೇಡವೆಂದವನನ್ನು ಜನ ಮದುವೆಗೆ ಕರೆಯುವುದಿಲ್ಲ. ಹಾಗಾಗಿ ಪ್ರವಾಸದ ವಿಷಯ ಗುಟ್ಟಾಗಿರಬೇಕೆಂದು ಹೋಟೆಲಿನವನಿಂದ ಮಾತು ತೆಗೆದುಕೊಂಡಿದ್ದೆ. ಅವನು ಗುಟ್ಟನ್ನು ಅಡುಗೆಭಟ್ಟರೊಬ್ಬರಿಗೆ ಮಾತ್ರ ಹೇಳಿದ. ಎರಡು ದಿನದಲ್ಲಿ ನನ್ನ ಮನೆಯ ಬೆಲ್ ಬಡಿದುಕೊಳ್ಳತೊಡಗಿತು.

"ಊರಿಗೆ ಹೊರಟಿರಂತೆ?"

"ಊರಿಗಲ್ಲ. ಗುಡ್ಡಕ್ಕೆ."

"ಒಳ್ಳೆದಾಯ್ತು ಮಾರಾಯ್ರೆ, ಗುಡ್ಡದ ಬುಡದಲ್ಲೇ ನಮ್ಮಕ್ಕನ ಮನೆ! ಒಂದು ಚಿಕ್ಕ ಕಟ್ಟು ಉಂಟು."

ಫಾಲ್ ಹಚ್ಚಿಸಿದ ಸೀರೆಗಳು, ರಿಪೇರಿಯಾದ ಮಿಕ್ಸಿ, ಅಜ್ಜನ ಮೊಣಕಾಲಿನ ಪಟ್ಟಿ, ಬಾಣಂತಿಗೆಂದು ವಾಶಿ ಮಾರ್ಕೆಟ್ಟಿನ ಖರ್ಜೂರ, ಎಲ್ಲವೂ ಚಿಕ್ಕ ಕಟ್ಟುಗಳೇ. ಒಂದೊಂದು ಕಟ್ಟು ಒಳಗೆ ಹೋದಂತೆ ನನ್ನದೊಂದು ವಸ್ತು ಹೊರಗೆ ಬಂತು. ಮೊದಲು ಕಂಬಳಿ, ಆಮೇಲೆ ಟಾರ್ಚು, ಕೊನೆಗೆ ಬದಲಿ ಪ್ಯಾಂಟು. ಮಗಳು ದೂರದಿಂದ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಹೋಟೆಲಿನವನ ಚೀಲ ನನ್ನದಕ್ಕಿಂತ ಮೊದಲೇ ತುಂಬಿತ್ತು. ಬ್ಯಾಂಕಿನವನು ಮಾತ್ರ ನಗುತ್ತಿದ್ದ. "ನಂದು ಆ ಕಡೆ ಊರಲ್ಲ. ನನಗ ಯಾರೂ ಏನೂ ಕೊಡಂಗಿಲ್ಲ. ನೋಡ್ರಿ, ನನ್ನ ಚೀಲ ಖಾಲಿ ಐತಿ!"

ಇದನ್ನು ಅವನು ಅಡುಗೆಭಟ್ಟರ ಎದುರು ಹೇಳಬಾರದಿತ್ತು. ಮಿಕ್ಸಿಯನ್ನು ಅವನು ಹೊತ್ತ.

ಪ್ರದಕ್ಷಿಣೆ

ಬೈಂದೂರಿನಲ್ಲಿ ರೈಲು ಇಳಿದಾಗ ನಮ್ಮ ಲೆಕ್ಕ ಸರಳವಾಗಿತ್ತು: ಮೊದಲ ದಿನ ಕಟ್ಟುಗಳನ್ನು ತಲುಪಿಸುವುದು, ಎರಡನೇ ದಿನ ಹತ್ತುವುದು, ಮೂರನೇ ದಿನ ಇಳಿಯುವುದು. ಆದರೆ ಕಟ್ಟು ಕೊಟ್ಟು ಹೊರಟವನನ್ನು ಆ ಸೀಮೆಯಲ್ಲಿ ಯಾರೂ ಬಿಡುವುದಿಲ್ಲ. "ಊಟ ಮಾಡದೆ ಹೊರಡುದಾ?" ಎನ್ನುತ್ತಾರೆ. ಊಟವಾದ ಮೇಲೆ, "ಈ ಬಿಸಿಲಲ್ಲಿ ಹೊರಡುದಾ?" ಬಿಸಿಲು ಇಳಿದ ಮೇಲೆ, "ಕಾಫಿ ಕುಡಿಯದೆ ಹೊರಡುದಾ?"

ಪ್ರತಿ ಮನೆಯ ಹಿತ್ತಿಲಿನಿಂದಲೂ ಗುಡ್ಡ ಕಾಣುತ್ತಿತ್ತು. ಒಂದು ಮನೆಯಿಂದ ಎಡಮಗ್ಗುಲು, ಇನ್ನೊಂದರಿಂದ ಬಲಮಗ್ಗುಲು. ಕೈ ತೊಳೆಯುವಾಗಲೆಲ್ಲ ನಾನು ಅದನ್ನೇ ನೋಡುತ್ತಿದ್ದೆ. ನನ್ನ ಹೊಸ ಬೂಟು ಪ್ರತಿ ಮನೆಯ ಜಗಲಿಯ ಕೆಳಗೆ ಕಾಯುತ್ತಿತ್ತು. ಹೋಟೆಲಿನವನು ಮಾತ್ರ ಸುಖವಾಗಿದ್ದ. ಎಲ್ಲಿಯೂ ಸಾಂಬಾರಿಗೆ ಬೆಲ್ಲವಿರಲಿಲ್ಲ.

ಮೂರನೇ ದಿನ ಸಂಜೆ ಬ್ಯಾಂಕಿನವನು ಖಾಲಿ ಚೀಲ ಕೊಡವಿ ಗುಡ್ಡಕ್ಕೆ ಕೈಮುಗಿದ. "ಹತ್ತಾಕ ಆಗಲಿಲ್ಲ, ಹೋಗ್ಲಿ ಬಿಡ್ರಿ. ಪ್ರದಕ್ಷಿಣಾ ಆತು."

ಚೀಲ ಖಾಲಿಯಾಯಿತೆಂದು ನಾನೂ ನೆಮ್ಮದಿಪಟ್ಟಿದ್ದೆ. ಆದರೆ ಪದ್ಧತಿಗೆ ಇನ್ನೊಂದು ಮಗ್ಗುಲಿದೆ. ಊರಿನಿಂದ ಹೊರಟವನೂ ಬರಿಗೈಯಲ್ಲಿ ಹೋಗುವಂತಿಲ್ಲ. ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ ಬಂದವು. ಕಡೆಯ ಮನೆ ನನ್ನ ಹೆಂಡತಿಯ ದೊಡ್ಡಮ್ಮನದು. ಆಕೆ ಒಳಗಿನಿಂದ ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದದ್ದು ರುಬ್ಬುವ ಕಲ್ಲಿನ ಗುಂಡು.

"ಹುಡುಗಿಗೆ ಮಿಕ್ಸಿಯ ಚಟ್ನಿ ರುಚಿಸುದಿಲ್ಲ ಅಂತ ಫೋನಲ್ಲಿ ಹೇಳ್ತಿತ್ತು. ತಕೊಂಡು ಹೋಗಿ." ನನ್ನ ಹೆಂಡತಿ ಅವರಿಗೆ ಇನ್ನೂ ಹುಡುಗಿಯೇ.

"ಬರೀ ಗುಂಡು ತೆಗೆದುಕೊಂಡು ಏನು ಮಾಡುವುದು, ದೊಡ್ಡಮ್ಮ? ಕಲ್ಲು?"

"ಕಲ್ಲು ಭಾರ ಅಲ್ವಾ? ಅದು ಮುಂದಿನ ಸಲ" ಎಂದರು.

ಥಾಣೆಯ ಮೆಟ್ಟಿಲು

ಥಾಣೆಯಲ್ಲಿ ಇಳಿದೆವು. ಹೋಟೆಲಿನವನು ಕೋಪರಿಯ ಕಡೆ ಹೊರಟುಹೋದ. ಬ್ಯಾಂಕಿನವನೂ ನಾನೂ ಲೋಕಲಿಗೆಂದು ಬ್ರಿಜ್ ಹತ್ತಿದಾಗ, ಎದುರಿಗೆ ಮಗಳು. ಜೊತೆಗೆ ಅವಳ ಟ್ರೆಕ್ಕಿನ ಗೆಳೆಯರು. ಅವರೂ ಯಾವುದೋ ಕೋಟೆಯಿಂದ ಬಂದವರೇ. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಹಿಂದೆಂದೂ ಬಂದವಳಲ್ಲ.

ಒಬ್ಬ ಹುಡುಗ ಮರ್ಯಾದೆಗೆಂದು ನನ್ನ ಚೀಲಕ್ಕೆ ಕೈಹಾಕಿದ. ಅದು ಅಲುಗಲಿಲ್ಲ. "ಬಾಪ್ ರೇ! ಅಂಕಲ್, ಇತನಾ ವಜನ್ ಲೇಕೇ ಪಹಾಡ್ ಚಢೇ?"

ಇಷ್ಟು ಭಾರ ಹೊತ್ತು ಗುಡ್ಡ ಹತ್ತಿದಿರಾ ಎಂದು. ಮಗಳು ನನ್ನತ್ತ ನೋಡಿದಳು. ಆ ನೋಟಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. "ಇಲ್ಲ, ಹತ್ತಲಿಲ್ಲ" ಎಂಬ ಮಾತು ಗಂಟಲಲ್ಲಿ ಸಿದ್ಧವಾಗುತ್ತಿತ್ತು. ನಾನು ನಿಧಾನವಾಗಿ ಮಾತಾಡುವವನು. ಅಷ್ಟರಲ್ಲಿ ಮೆಟ್ಟಿಲು ಇಳಿಯತೊಡಗಿದ್ದೆವು, ಮತ್ತು ನನಗಿಂತ ಮೊದಲು ಚೀಲ ಬಾಯಿಬಿಟ್ಟಿತು.

ಮೊದಲು ತೆಂಗಿನಕಾಯಿಗಳು ಇಳಿದವು. ಹಿಂದಿನಿಂದ ಗುಂಡು, ಒಂದೊಂದೇ ಮೆಟ್ಟಿಲು, ಧಡ್, ಧಡ್ ಎನ್ನುತ್ತಾ ಗಂಭೀರವಾಗಿ ಇಳಿಯಿತು. ಯಾರಿಗೂ ದಾರಿ ಬಿಡದ ಥಾಣೆಯ ಜನ ಅದಕ್ಕೆ ದಾರಿ ಬಿಟ್ಟರು. ಪುಣ್ಯಕ್ಕೆ ಯಾರ ಕಾಲಿಗೂ ತಾಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಪೊಲೀಸರೊಬ್ಬರ ಬೂಟಿನ ಮುಂದೆ ಹೋಗಿ ನಿಂತಿತು.

"ಯೇ ಕ್ಯಾ ಹೈ?"

"ಪತ್ಥರ್" ಎಂದೆ.

"ಕಹಾಂ ಸೇ ಲಾಯಾ?"

"ಕರ್ನಾಟಕ ಸೇ."

"ಕಿಸ್ ಲಿಯೇ?"

"ಚಟ್ನಿ ಕೇ ಲಿಯೇ."

ಪೊಲೀಸರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಹರಿದ ಚೀಲ ಎತ್ತಿಕೊಂಡು ನಿಂತಿದ್ದ ಮಗಳನ್ನು ನೋಡಿದರು. "ಆಪ್ ಇನಕೇ ಸಾಥ್ ಹೋ?" ನೀವು ಇವರ ಜೊತೆಯವರೇ ಎಂದು.

ಮಗಳು ಹಿಂತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಅವಳ ಗೆಳೆಯರು ಹಪ್ಪಳ ಹೆಕ್ಕುತ್ತಿದ್ದರು. ಬ್ಯಾಂಕಿನವನು ಉರುಳಿದ ಕಾಯಿಗಳ ಹಿಂದೆ ಓಡುತ್ತಿದ್ದ.

"ಹಾಂ" ಎಂದಳು ಕೊನೆಗೆ. "ಮೇರೇ ಪಪ್ಪಾ ಹೈ."

ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಗೆಳೆಯರಿಗೆ ಅರ್ಥವಾಗಬಾರದೆಂದು, ಹುಟ್ಟಿದಾರಭ್ಯ ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು:

"ಪಪ್ಪಾ, ನಿಮಗೆ ಗುಡ್ಡ ಹತ್ತಿ ಬನ್ನಿ ಅಂದ್ರೆ, ಗುಡ್ಡವನ್ನೇ ಕಿತ್ಕೊಂಡು ಬಂದಿದ್ದೀರಲ್ಲ!"

ನಾನು ತಲೆ ತಗ್ಗಿಸಿ ಗುಂಡನ್ನು ಎತ್ತಿಕೊಂಡೆ. ಡೊಂಬಿವಲಿಯವರೆಗೂ ತಲೆ ಎತ್ತಲಿಲ್ಲ. ಆದರೆ ಅವಳ ಆ ಕನ್ನಡ ವಾಕ್ಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ.